ಎಂಟು ಸಾವಿರದ ಸೈಕಲ್ಲು

(ಬೆಂಗಳೂರಿನ ಸೈಕಲ್ ರಿಪೇರಿ ಅಂಗಡಿ. ರಾಯರು ಎಂಬತ್ತರ ದಶಕದ ಸೆಕೆಂಡ್‌ಹ್ಯಾಂಡ್ ರೋಡ್ ಬೈಕನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ತುಳಿದು ಬರುವಂತಿರಲಿಲ್ಲ.)

ರಾಯರು: ಎಂಟೇ ಸಾವಿರ! ರೆನಾಲ್ಡ್ಸ್ 531 ಕೊಳವೆ ಕಣ್ರೀ, 1935ರಲ್ಲೇ ಬಂದ ಉಕ್ಕು. ಕಾರ್ಬನ್ ಇದರ ಮುಂದೆ ಯಾವ ಲೆಕ್ಕ?

ಮೆಕ್ಯಾನಿಕ್: ಕಾರ್ಬನ್‌ಗೆ ತುಕ್ಕು ಹಿಡಿಯಲ್ಲ ಸಾರ್. ಏನು ಮಾಡಿಸ್ತೀರಿ?

ರಾಯರು: ಏನಿಲ್ಲ, ಎರಡು ಟೈರು.

ಮೆಕ್ಯಾನಿಕ್: ಇದು 27 ಇಂಚಿನ ಚಕ್ರ, ರಿಮ್ಮು 630 ಮಿ.ಮೀ. ಒಳ್ಳೇ ಟೈರು ಬೇಕಂದ್ರೆ 622ರ ಚಕ್ರವೇ ಹಾಕಬೇಕು.

ರಾಯರು: ಹಾಕಿ.

ಮೆಕ್ಯಾನಿಕ್: ಆಗ ರಿಮ್ಮು 4 ಮಿ.ಮೀ. ಕೆಳಗಿಳಿಯುತ್ತೆ, ಈ ಬ್ರೇಕಿಗೆ ಎಟುಕೋದು ಅನುಮಾನ. ಉದ್ದ ತೋಳಿನ ಬ್ರೇಕು ಬೇಕು.

ರಾಯರು: ಹಾಕಿ.

ಮೆಕ್ಯಾನಿಕ್: ಹಿಂದಿನ ಫೋರ್ಕಿನ ಅಗಲ 126 ಮಿ.ಮೀ., ಹೊಸ ಹಬ್ಬಿಗೆ 130 ಬೇಕು.

ರಾಯರು: ಹಿಗ್ಗಿಸಿ! ಅಲ್ಯೂಮಿನಿಯಂ ಆದ್ರೆ ಬಿರುಕು ಬಿಡುತ್ತೆ, ಸ್ಟೀಲು ಬಗ್ಗುತ್ತೆ. ಅದಕ್ಕೇ ಕೊಂಡದ್ದು.

(ಫೋನು.)

ಹೆಂಡತಿ: ಟೈರು ಆಯ್ತಾ?

ರಾಯರು: ಆಗ್ತಿದೆ. ಜೊತೆಗೆ ಚಕ್ರ, ಬ್ರೇಕು, ಗೇರು, ಚೈನು...

ಹೆಂಡತಿ: ಹಾಗಾದ್ರೆ ನೀವು ಕೊಂಡದ್ದೇನು?

ರಾಯರು: ಸಂಪ್ರದಾಯ!

ಮೆಕ್ಯಾನಿಕ್: ಸಾರ್, ಸೀಟಿನ ಅಲ್ಯೂಮಿನಿಯಂ ಕಂಬ ತೇವಕ್ಕೆ ಸ್ಟೀಲಿಗೆ ಕಚ್ಚಿಕೊಂಡಿದೆ. ಅಲುಗಲ್ಲ, ಸೀಟು ಇಳಿಯಲ್ಲ. ಇದು ನಿಮಗಿಂತ ಅರ್ಧ ಅಡಿ ಎತ್ತರದವರ ಸೈಕಲ್ಲು.

ರಾಯರು: ಮಾರಿದವರು ‘ಮನೆಯೊಳಗೇ ಇಟ್ಟಿದ್ದು’ ಅಂದಿದ್ರು!

(ಮಾರುವವರೆಲ್ಲ ಹಾಗೇ ಅನ್ನುತ್ತಾರೆ. ಬಚ್ಚಲೂ ಮನೆಯೊಳಗೇ ಇರುತ್ತದಲ್ಲ.)

ಹಳೇ ಸ್ಟೀಲ್ ಬೈಕು ಕೊಳ್ಳಹೊರಟ ಓದುಗರೇ, ಫ್ರೇಮಿನ ವಂಶಾವಳಿ ಆಮೇಲೆ ಕೇಳಿ. ಮೊದಲು ಸೀಟಿನ ಬೋಲ್ಟು ಸಡಿಲಿಸಿ, ಕಂಬ ತಿರುಗಿಸಿ ನೋಡಿ. ತಿರುಗದಿದ್ದರೆ ನೀವೇ ಹಿಂತಿರುಗಿ.