ಹಾಫ್ ಕ್ಲಚ್ಚಿನ ವಯಸ್ಸು

ಸಂತೆ ಇಲ್ಲದ ದಿನ ಸಂಜೆ ಐದರ ಮೇಲೆ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಒಂದು ಬಯಲಿನ ಕಡೆ ಹೋಗಿ. ಇಲ್ಲವೇ ಹಾಸನದ ಹೊರಗೆ, ಕಲ್ಲು ನೆಟ್ಟು ಸೈಟು ಮಾಡಿ ಇನ್ನೂ ಮನೆ ಏಳದ ಯಾವುದಾದರೂ ಬಡಾವಣೆಗೆ ಹೋಗಿ. ಐವತ್ತರ ಆಸುಪಾಸಿನ ಗೃಹಸ್ಥನೊಬ್ಬ ಇಸ್ತ್ರಿ ಪ್ಯಾಂಟಿನ ತುದಿ ಮಡಿಸಿಕೊಂಡು, ಸ್ಪ್ಲೆಂಡರ್ ಮೇಲೆ ಫೋಟೋಗೆ ಕೂತವನ ಹಾಗೆ ಬಿಗಿದುಕೊಂಡು ಕೂತಿರುವುದು ಕಣ್ಣಿಗೆ ಬೀಳುತ್ತದೆ. ಮಗನೋ ಅಕ್ಕನ ಮಗನೋ ಹಿಂದಿನ ಕಂಬಿ ಹಿಡಿದು ಓಡುತ್ತಿರುತ್ತಾನೆ. “ಕ್ಲಚ್ ನಿಧಾನಕ್ ಬಿಡಿ ಅಪ್ಪಾಜಿ... ನಿಧಾನಕ್ ಅಂದೆ!” ಗಾಡಿ ಮೇಕೆಮರಿಯ ಹಾಗೆ ಒಂದು ನೆಗೆತ ನೆಗೆದು ಆಫ್ ಆಗುತ್ತದೆ. ಕ್ರಿಕೆಟ್ ಆಡುವ ಹುಡುಗರು ಬ್ಯಾಟು ಕೆಳಗಿಟ್ಟು ನೋಡುತ್ತಾರೆ. ಮೋರಿ ಕಟ್ಟೆಯ ಮೇಲೆ ಕೂತ ಹಿರಿಯರಲ್ಲೊಬ್ಬರು, “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?” ಅನ್ನುತ್ತಾರೆ. ಬೇಕಿತ್ತು ಎಂಬುದೇ ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಗೇರ್ ಗಾಡಿ ಕಲಿಯುವುದಕ್ಕೆ ನಡುವಯಸ್ಸೇ ಸರಿಯಾದ ವಯಸ್ಸು. ಹದಿನೆಂಟೆಂದರೆ ಸ್ವಲ್ಪ ಆತುರವಾಯಿತು.

ಮೊದಲು ಕ್ಲಚ್ಚಿನ ವಿಷಯ ನೋಡೋಣ. ಎಂಜಿನ್ ಒಮ್ಮೆ ಶುರುವಾದರೆ ಸುಮ್ಮನಿರುವ ಜಾತಿಯದಲ್ಲ. ನಿಂತ ಜಾಗದಲ್ಲೇ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತಿರುತ್ತದೆ. ಚಕ್ರಕ್ಕೆ ಅದರ ಗೊಡವೆಯೇ ಇಲ್ಲ, ಕಲ್ಲಿನ ಹಾಗೆ ನಿಂತಿರುತ್ತದೆ. ಇವೆರಡನ್ನೂ ಒಂದೇ ಏಟಿಗೆ ಗಂಟು ಹಾಕಿದರೆ ಒಂದೋ ಎಂಜಿನ್ ಸಾಯಬೇಕು, ಇಲ್ಲ ಗಾಡಿ ಹಾರಬೇಕು. ಅದಕ್ಕಾಗಿ ನಡುವೆ ಎಣ್ಣೆಯಲ್ಲಿ ನೆನೆದ ಕೆಲವು ಬಿಲ್ಲೆಗಳನ್ನು ಮಧ್ಯಸ್ಥರಾಗಿ ಕೂರಿಸಿದ್ದಾರೆ. ಎಡಗೈಯ ನಾಲ್ಕು ಬೆರಳು ಪೂರ್ತಿ ಹಿಡಿದಿರಬಾರದು, ಪೂರ್ತಿ ಬಿಟ್ಟಿರಲೂಬಾರದು. ಬಿಲ್ಲೆಗಳು ಒಂದಕ್ಕೊಂದು ಉಜ್ಜಿಕೊಂಡು, ಎಂಜಿನ್ ಸ್ವಲ್ಪ ತಗ್ಗಿ, ಚಕ್ರ ಸ್ವಲ್ಪ ಒಪ್ಪಿ, ಇಬ್ಬರೂ ಒಂದು ಮಾತಿಗೆ ಬರುವವರೆಗೆ ಕಾಯಬೇಕು. ಇದೇ ಹಾಫ್ ಕ್ಲಚ್. ಹದಿನೆಂಟರ ಹುಡುಗನಿಗೆ ಈ ಸಂಧಾನದಲ್ಲಿ ನಂಬಿಕೆಯಿಲ್ಲ. ಅವನು ಭರ್ರೆಂದು ರೈಸ್ ಮಾಡಿ ಕ್ಲಚ್ಚನ್ನು ದಬಕ್ಕನೆ ಬಿಡುತ್ತಾನೆ. ಅದೇ ಐವತ್ತರ ಗೃಹಸ್ಥನನ್ನು ನೋಡಿ: ಇಪ್ಪತ್ತು ವರ್ಷದಿಂದ ಅಮ್ಮನಿಗೂ ಹೆಂಡತಿಗೂ ನಡುವೆ, ಬ್ಯಾಂಕಿನವರಿಗೂ ಗಾರೆ ಮೇಸ್ತ್ರಿಗೂ ನಡುವೆ, ಮಗಳ ಕೋರ್ಸಿಗೂ ತನ್ನ ಸಂಬಳಕ್ಕೂ ನಡುವೆ ಅವನು ಮಾಡುತ್ತ ಬಂದಿರುವುದು ಹಾಫ್ ಕ್ಲಚ್ಚಲ್ಲದೆ ಇನ್ನೇನು? ವಿದ್ಯೆ ಆಗಲೇ ಮೈಗಂಟಿದೆ, ಎಡಗೈ ಬೆರಳಿಗೆ ವರ್ಗಾವಣೆ ಆಗಬೇಕಷ್ಟೆ. ಒಂದು ಎಚ್ಚರ ಮಾತ್ರ ಹೇಳಬೇಕು. ಹಾಫ್ ಕ್ಲಚ್ಚಿನಲ್ಲೇ ಊರೆಲ್ಲ ಸುತ್ತಿದರೆ ಪ್ಲೇಟು ಸುಟ್ಟುಹೋಗುತ್ತದೆ. ಗಾಡಿ ಹೊರಟ ಮೇಲೆ ಕೈ ಪೂರ್ತಿ ಬಿಡಬೇಕು. ಸಂಧಾನವೇ ಅಭ್ಯಾಸವಾದವರಿಗೆ ಬಿಡುವುದು ಕಷ್ಟ. ಮೆಕ್ಯಾನಿಕ್ಕಿನ ಬಿಲ್ಲು ಅದನ್ನೂ ಕಲಿಸುತ್ತದೆ.

ಇನ್ನು ಕಲಿಸುವವರ ಕಥೆ. ಹದಿನಾಲ್ಕಕ್ಕೇ ಕದ್ದು ಓಡಿಸಿ ಕಲಿತ ಮಗನನ್ನು “ಬ್ಯಾಲೆನ್ಸ್ ಹೇಗೆ ಮಾಡೋದು?” ಎಂದು ಕೇಳಿದರೆ, “ಅದು ತಾನಾಗೇ ಬರುತ್ತೆ” ಅನ್ನುತ್ತಾನೆ. ತಾನಾಗೇ ಬರುವುದು ವಯಸ್ಸೊಂದೇ. ಅವನಿಗೆ ಬರುತ್ತದೆ, ಆದರೆ ಏನು ಬರುತ್ತದೆ ಎಂಬುದು ಗೊತ್ತಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ವಿಮಾನ ಹಾರಿಸಿದ ವಿಲ್ಬರ್ ರೈಟ್. ಅವನೂ ಅವನ ತಮ್ಮನೂ ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು. ಎಡಕ್ಕೆ ತಿರುಗುವಾಗ ಏನು ಮಾಡುತ್ತೀರಿ ಎಂದು ವಿಲ್ಬರ್ ಹತ್ತಾರು ಸವಾರರನ್ನು ಕೇಳಿ ನೋಡಿದ. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ ಎಂದರು. ಅವರು ನಿಜವಾಗಿ ಮೊದಲು ಮಾಡುತ್ತಿದ್ದುದು ಹ್ಯಾಂಡಲನ್ನು ಚೂರು ಬಲಕ್ಕೆ ತಿರುಗಿಸುವುದು. ಚಕ್ರ ಬಲಕ್ಕೆ ಸರಿದಾಗ ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ಎಡಕ್ಕೆ ತಿರುಗುತ್ತದೆ. ವೇಗದಲ್ಲಿರುವ ಬೈಕಿಗೂ ಇದೇ ನಿಯಮ. ಕೋಟ್ಯಂತರ ಜನ ದಿನಾ ಮಾಡುವ ಕೆಲಸವನ್ನು ಮಾಡುವವರೇ ಅರಿಯರು. ನಡುವಯಸ್ಸಿನ ಶಿಷ್ಯನಿಗೆ ಈ ಸುಖವಿಲ್ಲ. ಅವನು ಪ್ರತಿಯೊಂದಕ್ಕೂ “ಯಾಕೆ?” ಅನ್ನುತ್ತಾನೆ, ಆ ಯೋಚನೆಯಲ್ಲೇ ಬೀಳುತ್ತಾನೆ. ಆದರೆ ಕಲಿತ ದಿನ ಅವನಿಗೆ ತಾನು ಕಲಿತದ್ದೇನೆಂದು ಗೊತ್ತಿರುತ್ತದೆ. ಈಜು ಬರುವುದು ಒಂದು, ನೀರಿನ ಸೆಳವು ತಿಳಿಯುವುದು ಇನ್ನೊಂದು. ಹೇಮಾವತಿ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

“ಇಷ್ಟೆಲ್ಲ ಆಸೆ ಇದ್ದವರು ಹುಡುಗರಾಗಿದ್ದಾಗಲೇ ಯಾಕೆ ಕಲಿಯಲಿಲ್ಲ?” ಇದು ಮೊದಲ ಆಕ್ಷೇಪ. ಈಗ ಐವತ್ತರ ಹತ್ತಿರ ಇರುವವರಿಗೆ ಹದಿನೆಂಟು ತುಂಬಿದ್ದು 1995ರ ಆಸುಪಾಸು. ಆಗ ಮನೆಯಲ್ಲಿ ಗಾಡಿ ಇದ್ದರೆ ಒಂದು, ಅದರ ಬೀಗದ ಕೈ ದೊಡ್ಡಣ್ಣನ ಸೊಂಟದಲ್ಲಿ. ಉಳಿದವರಿಗೆ ಬಸ್ಸು, ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ಕಾಲು ಎಟುಕದಿದ್ದರೆ ಒಳಪೆಡಲು. ಇದ್ದ ಗಾಡಿಗಳಾದರೂ ಸುಲಭದವೇ? ಪಕ್ಕದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, ಆಮೇಲೆ ಯೆಜ್ಡಿ ಹೊರಬಂದವು. ಅವುಗಳಲ್ಲಿ ಕಿಕ್ಕರೂ ಗೇರೂ ಒಂದೇ ಸನ್ನೆ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮೊದಲಿನ ಜಾಗಕ್ಕೆ ತಂದರೆ ಗೇರು. ಹಳೆಯ ಬುಲೆಟ್ಟಿಗೆ ಗೇರು ಬಲಗಾಲಲ್ಲಿ, ಬ್ರೇಕು ಎಡಗಾಲಲ್ಲಿ. ಚೇತಕ್ ಸ್ಕೂಟರಿಗೆ ಗೇರೇ ಕೈಯಲ್ಲಿ; ಬೆಳಿಗ್ಗೆ ಅದನ್ನು ಒಂದು ಕಡೆಗೆ ವಾಲಿಸಿ, ಪೆಟ್ರೋಲು ಇಳಿಯಿತೆಂದು ಸಮಾಧಾನ ಮಾಡಿಕೊಂಡು, ಆಮೇಲೆ ಒದೆಯಬೇಕು. ಮೂರು ಗಾಡಿಗೆ ಮೂರು ಶಾಸ್ತ್ರ, ಒಂದು ಕಲಿತರೆ ಇನ್ನೊಂದು ಮರೆಯಬೇಕು. 1994ರಲ್ಲಿ ಸ್ಪ್ಲೆಂಡರ್ ಬಂತು, 1996ರಲ್ಲಿ ಮೈಸೂರಿನ ಆ ಕಾರ್ಖಾನೆ ಮುಚ್ಚಿತು. ಅಷ್ಟು ಹೊತ್ತಿಗೆ ನಮ್ಮ ಗೃಹಸ್ಥ ಕೆಲಸ ಹುಡುಕುತ್ತಿದ್ದ. ಈಗ ಬಟನ್ ಒತ್ತಿದರೆ ಎಂಜಿನ್ ಶುರುವಾಗುತ್ತದೆ, ಮಗನಿಗೂ ಒಂದು ಗಾಡಿ ಬಂದು ಮನೆಯಲ್ಲಿ ಹಳೆಯದೊಂದು ಖಾಲಿ ನಿಂತಿದೆ. ಸೋಮಾರಿತನದಿಂದ ತಡವಾದದ್ದಲ್ಲ ಇದು. ಅವನ ಸರದಿ ಬಂದದ್ದೇ ಈಗ.

“ಹಾಗಾದರೆ ಗೇರಿಲ್ಲದ ಸ್ಕೂಟರ್ ತಗೊಳ್ಳಿ, ತೊಂದರೆಯೇ ಇಲ್ಲ” ಎಂಬುದು ಎರಡನೆಯ ಆಕ್ಷೇಪ, ಮತ್ತು ಇದಕ್ಕೆ ತೂಕವಿದೆ. ಡೇರಿಗೆ ಹಾಲಿನ ಕ್ಯಾನು ಹೊರುವ ಎಕ್ಸ್‌ಎಲ್ಲಿಗೆ ಗೇರಿಲ್ಲ, ಅದರಿಂದ ಯಾರ ಸಂಸಾರವೂ ನಿಂತಿಲ್ಲ. ಊರೊಳಗೆ ಸುತ್ತುವವರಿಗೆ ಸ್ಕೂಟರೇ ಲೇಸು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದರೆ ಪಕ್ಕಪಕ್ಕದ ಊರುಗಳ ನಡುವೆಯೂ 30-40 ಕಿಲೋಮೀಟರಿನ ಆಚೀಚೆ. ನಡುವೆ ಹೊಗೆಸೊಪ್ಪಿನ ಹೊಲ, ಆಲೂಗಡ್ಡೆಯ ಹೊಲ, ತೆಂಗಿನ ತೋಟ. ತೋಟಕ್ಕಿಳಿಯುವ ಹಾದಿಗೆ ಡಾಂಬರು ಇರುವುದಿಲ್ಲ. ಊರೂರಿಗೆ ಒಂದು ಹಂಪು, ಕೆಲವಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಸ್ಕೂಟರಿನ ಪುಟ್ಟ ಚಕ್ರ ಹಳ್ಳಕ್ಕಿಳಿದರೆ ಬಾವಿಗಿಳಿದಂತೆ. ಬೈಕಿನ ಹದಿನೆಂಟಿಂಚಿನ ಚಕ್ರ ಅದನ್ನು ದಾಟಿಕೊಂಡು ಹೋಗುತ್ತದೆ. ಇನ್ನು ಸುಗ್ಗಿಯಲ್ಲಿ ನೋಡಿ. ರಾಗಿ, ಹುರುಳಿಯನ್ನು ರೈತರು ರಸ್ತೆಗೇ ಹರಡಿರುತ್ತಾರೆ, ಒಕ್ಕಣೆ ಹೋಗಿಬರುವ ಗಾಡಿಗಳ ಪಾಲಿಗೆ. ಹುರುಳಿಯ ಸಿಪ್ಪೆ ಒಣಗಿ ಚರಚರ ಅನ್ನುತ್ತಿರುತ್ತದೆ, ಅದರಡಿಯಲ್ಲಿ ಉದುರಿದ ಕಾಳು ಗೋಲಿಯ ಹಾಗೆ ಉರುಳುತ್ತದೆ. ಅದರ ಮೇಲೆ ಮುಂದಿನ ಬ್ರೇಕು ಒತ್ತಿದವನು ಸುಗ್ಗಿಯ ಜೊತೆ ತಾನೂ ರಾಶಿಯಾಗುತ್ತಾನೆ. ಬ್ರೇಕು ಮುಟ್ಟದೆ, ಮೊದಲೇ ಗೇರು ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುವಂತೆ ಮಾಡಿ ನೆಟ್ಟಗೆ ದಾಟಿಬಿಡುವ ಉಪಾಯ ಗೇರ್ ಗಾಡಿಯಲ್ಲಿದೆ. ಮತ್ತೊಂದು ಮಾತು: ಸೈಕಲ್ಲಿನಲ್ಲೂ ಗೇರಿಲ್ಲದ ಸ್ಕೂಟರಿನಲ್ಲೂ ಎಡಗೈ ಹಿಡಿದರೆ ಬ್ರೇಕು, ಬೈಕಿನಲ್ಲಿ ಎಡಗೈ ಹಿಡಿದರೆ ಕ್ಲಚ್ಚು. ಗಾಬರಿಯಲ್ಲಿ ಎಡಗೈ ಅದುಮಿ, ಗಾಡಿ ನಿಲ್ಲುವ ಬದಲು ಸಲೀಸಾಗಿ ಜಾರಿಹೋಗುವುದನ್ನು ಕಂಡು ಬೆರಗಾಗುವುದು ಹೊಸಬರ ಮೊದಲ ಪಾಠ. ಮೂವತ್ತು ವರ್ಷದ ಸೈಕಲ್ ಅನುಭವ ನೆರವಾಗುವುದರ ಜೊತೆಗೆ ಒಂದು ಕಡೆ ಕೈಯನ್ನೂ ಕೊಡುತ್ತದೆ.

ಮೂರನೆಯದು ಮೂಳೆಯ ಆಕ್ಷೇಪ. ಸ್ಪ್ಲೆಂಡರಿನ ತೂಕ ಸುಮಾರು 112 ಕಿಲೋ. ಐವತ್ತು ಕಿಲೋದ ಎರಡು ಮೂಟೆ ಆಲೂಗಡ್ಡೆಗಿಂತ ಚೂರು ಜಾಸ್ತಿ. ಅದನ್ನು ಹೊರಬೇಕಾಗಿಲ್ಲ, ಬೀಳದಂತೆ ನಿಲ್ಲಿಸಿಕೊಂಡರೆ ಸಾಕು. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿಳಿಯುವ ಮಂಡಿಗೆ ಸೀಟಿನ ಮೇಲೆ ಕಾಲು ಹಾಕುವುದು ದೊಡ್ಡದಲ್ಲ. ಕಾನೂನಿಗೂ ಈ ಅನುಮಾನ ಇದೆ. ಹದಿನೆಂಟರ ಹುಡುಗ ತಾನು ಗಟ್ಟಿಮುಟ್ಟಾಗಿದ್ದೇನೆಂದು ತಾನೇ ಬರೆದುಕೊಟ್ಟರೆ ಎಲ್‌ಎಲ್‌ಆರ್‌ಗೆ ಸಾಕು. ನಲವತ್ತು ದಾಟಿದವರು ನಮೂನೆ 1-ಎಯಲ್ಲಿ ಡಾಕ್ಟರ ಸಹಿ ತರಬೇಕು. ಹುಡುಗನ ಬುದ್ಧಿಗೆ ಸರ್ಟಿಫಿಕೇಟು ಕೇಳುವ ನಮೂನೆಯನ್ನು ಮಾತ್ರ ಯಾರೂ ಅಚ್ಚು ಹಾಕಿಸಿಲ್ಲ. ತಮಾಷೆ ಬದಿಗಿಟ್ಟು ಹೇಳುವುದಾದರೆ, ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ, ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಸತ್ತವರಲ್ಲಿ ಮೂರನೇ ಎರಡು ಪಾಲು 18ರಿಂದ 45ರ ಒಳಗಿನವರು. ಇದನ್ನು ತೋರಿಸಿ ನಡುವಯಸ್ಸಿನವರು ಜಾಣರೆಂದು ವಾದಿಸಿದರೆ ಅದು ಮೋಸದ ವಾದ. ರಸ್ತೆಯಲ್ಲಿ ಹೆಚ್ಚು ಓಡಾಡುವವರೂ ಅವರೇ. ನಾನು ಹೇಳುವುದು ಇಷ್ಟು: ಭಯ ಎಂಬುದು ಸವಾರನ ಬಂಡವಾಳ. ಹುಡುಗನು ಅದನ್ನು ಬಿದ್ದು ಸಂಪಾದಿಸಬೇಕು. ನಡುವಯಸ್ಸಿನವನು ಮನೆಯಿಂದಲೇ ತಂದಿರುತ್ತಾನೆ, ಹೆಲ್ಮೆಟ್ಟನ್ನು ಮೊಳಕೈಗೆ ತೊಡಿಸದೆ ತಲೆಗೆ ಹಾಕಿ ಪಟ್ಟಿ ಬಿಗಿಯುತ್ತಾನೆ.

ಆದರೆ ಬಂಡವಾಳ ಹೆಚ್ಚಾದರೂ ನಷ್ಟವೇ ಎಂಬುದನ್ನು ಒಪ್ಪಬೇಕು. ಎರಡು ಚಕ್ರದ ಗಾಡಿ ಓಡುವಾಗ ನಿಲ್ಲುತ್ತದೆ, ನಿಂತಾಗ ಬೀಳುತ್ತದೆ. ಭಯಸ್ಥನು ನಿಧಾನ ಮಾಡುತ್ತಾನೆ, ನಿಧಾನವಾದದ್ದಕ್ಕೆ ಗಾಡಿ ಓಲಾಡುತ್ತದೆ, ಓಲಾಡಿದ್ದಕ್ಕೆ ಇನ್ನೂ ನಿಧಾನ ಮಾಡುತ್ತಾನೆ, ಕೊನೆಗೆ ನಡೆಯುವವರಿಗಿಂತ ಮೆಲ್ಲಗೆ ಹೋಗುತ್ತ ಯಾವ ಕಾರಣವೂ ಇಲ್ಲದೆ ಪಕ್ಕಕ್ಕೆ ಒರಗುತ್ತಾನೆ. ಆರ್‌ಟಿಒ ಮುಂದೆ ‘ಎಂಟು’ ಹಾಕುವಾಗ ಕಾಲು ನೆಲಕ್ಕೆ ತಾಗುವುದು ಇದರಿಂದಲೇ. ಎರಡನೆಯ ದೋಷ ಕಣ್ಣಿನದು. ಸವಾರ ಎತ್ತ ನೋಡುತ್ತಾನೋ ಗಾಡಿ ಅತ್ತ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಹೋಗುತ್ತಾನೆ. ಅರ್ಧ ಆಯುಸ್ಸು ಗುಂಡಿ ನೋಡಿಯೇ ಕಾಲಿಟ್ಟವರಿಗೆ ಗುಂಡಿಯ ಪಕ್ಕದ ದಾರಿ ನೋಡು ಎಂದರೆ ಅದು ವೇದಾಂತದಂತೆ ಕೇಳಿಸುತ್ತದೆ. ಮೂರನೆಯದು ನ್ಯೂಟ್ರಲ್ಲು. ಎಷ್ಟೋ ಬೈಕುಗಳಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ಅದು ಇದ್ದೇ ಇದೆ, ಬೇಡದಾಗ ಸಿಗುತ್ತದೆ, ಸಿಗ್ನಲ್ಲಿನಲ್ಲಿ ಬೇಕೆಂದಾಗ ಸಿಗುವುದಿಲ್ಲ. ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ಹೇಳಿದ ದಿನ ತೆರೆಯುತ್ತದೆ, ಒಳಗೆ ದೀಪ ಉರಿಯುತ್ತಲೇ ಇರುತ್ತದೆಂಬ ನಂಬಿಕೆಯೂ ಇದೆ. ಮೀಟರಿನ ಮೇಲಿನ ಆ ಹಸಿರು ದೀಪದ ದರ್ಶನಕ್ಕೆ ಅಂಥ ಗ್ಯಾರಂಟಿ ಇಲ್ಲ. ಈ ಮೂರು ದೋಷಕ್ಕೂ ಮದ್ದು ಒಂದೇ: ಬಯಲು, ಒಂದು ತಿಂಗಳು, ದಿನಾ ಅರ್ಧ ಗಂಟೆ. ಎಲ್‌ಎಲ್‌ಆರ್ ಸಿಕ್ಕ 30 ದಿನದ ಮೇಲೆಯೇ ಡಿಎಲ್ ಪರೀಕ್ಷೆ ಎಂಬ ನಿಯಮ ಬರೆದವರು ಯಾರೋ ತಡವಾಗಿ ಕಲಿತವರೇ ಇರಬೇಕು.

ಉಳಿದದ್ದು ಎಲ್ಲಕ್ಕಿಂತ ಭಾರದ ಆಕ್ಷೇಪ: ಜನ ಏನಂತಾರೆ? ನಡುವಯಸ್ಸಿನಲ್ಲಿ ಬಿದ್ದರೆ ಮಂಡಿ ತರಚುವುದಕ್ಕೆ ಮೊದಲು ಮರ್ಯಾದೆ ತರಚುತ್ತದೆ. ಈ ನೋವಿಗೆ ದೊಡ್ಡವರ ಸಾಲೇ ಇದೆ. ಟಾಲ್‌ಸ್ಟಾಯ್ ಸೈಕಲ್ ಕಲಿತದ್ದು 1895ರಲ್ಲಿ, 67ರ ಹತ್ತಿರ ಬಂದಾಗ. ಅಮೆರಿಕದಲ್ಲಿ ಪಾನನಿಷೇಧ ಚಳವಳಿ ಕಟ್ಟಿದ ಫ್ರಾನ್ಸಿಸ್ ವಿಲ್ಲರ್ಡ್ 53ರಲ್ಲಿ ಸೈಕಲ್ ಕಲಿತು, ಅದಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟು, ಒಂದು ಪುಸ್ತಕವನ್ನೇ ಬರೆದರು. ದೂರ ಯಾಕೆ, ನಮ್ಮ ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ, ಹೊಸ ಹುಡುಗನ ಕುತೂಹಲದಲ್ಲಿ ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೂವರೂ ಹೆಸರು ಮಾಡಿದ ಮೇಲೆ ಮತ್ತೆ ‘ಅ ಆ ಇ ಈ’ಯಿಂದ ಶುರು ಮಾಡಿದವರು. ಬೇರೆಯವರು ನೋಡುತ್ತಿರುವಾಗ ದಡ್ಡನಾಗಿರುವ ಧೈರ್ಯ ಹುಡುಗನಿಗೆ ಬೇಕಾಗುವುದೇ ಇಲ್ಲ, ಅವನಿಗೆ ಅಷ್ಟು ರಿಯಾಯಿತಿ ಇದೆ. ಮಗನಿಂದ “ಅಪ್ಪಾಜಿ, ನಿಮ್ಗೆ ಎಷ್ಟ್ ಸಲ ಹೇಳೋದು” ಎಂದು ಬೈಸಿಕೊಂಡು, ಆ ಮಾತು ಹದಿನೈದು ವರ್ಷದ ಹಿಂದೆ ಮಗ್ಗಿ ಹೇಳಿಕೊಡುವಾಗ ತನ್ನ ಬಾಯಿಂದಲೇ ಹೊರಟದ್ದೆಂದು ಗುರುತು ಹಿಡಿಯುವುದು ನಡುವಯಸ್ಸಿಗೆ ಮಾತ್ರ ಸಿಗುವ ಶಿಕ್ಷಣ.

ಅಂದ ಹಾಗೆ, ಜನ ಏನಂತಾರೆ ಎಂಬುದನ್ನು ಊಹಿಸಬೇಕಿಲ್ಲ, ಕಿವಿಯಾರೆ ಕೇಳಬಹುದು. ಹೊಸಬನೊಬ್ಬ ಮೊದಲ ಸಲ ಬಯಲು ಬಿಟ್ಟು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಮುಂದಿನ ರಸ್ತೆಗೆ ಬರಲಿ. ಕ್ಲಚ್ಚು, ಗೇರು, ಹಾರನ್ನು, ಕನ್ನಡಿ ಎಲ್ಲ ನೆನಪಿಟ್ಟುಕೊಂಡ ಅವನು ಒಂದನ್ನು ಮರೆತಿರುತ್ತಾನೆ: ಸೈಡ್ ಸ್ಟ್ಯಾಂಡ್ ಕೆಳಗೇ ಇದೆ. ಈಚಿನ ಕೆಲವು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ನೇ ಓಡುವುದಿಲ್ಲ, ಹಳೆಯ ಗಾಡಿ ಪಾಪ ಓಡುತ್ತದೆ. ಎಡಕ್ಕೆ ವಾಲಿದರೆ ಸ್ಟ್ಯಾಂಡು ನೆಲಕ್ಕೆ ಕುಕ್ಕಿ ಮಗುಚಿಕೊಳ್ಳುತ್ತದೆ. ಆಗ ನೋಡಿ ನಗಬೇಕಾದ ಜನ ಎಲ್ಲೆಲ್ಲಿಂದ ಕೂಗುತ್ತಾರೆ. ಎಳನೀರು ಕೊಚ್ಚುವವನು ಮಚ್ಚು ಎತ್ತಿಕೊಂಡೇ “ಅಣ್ಣಾ, ಸ್ಟ್ಯಾಂಡು!” ಅನ್ನುತ್ತಾನೆ. ಎದುರಿಗೆ ಬರುವ ಆಟೋದವನು ಅಂಗೈ ಕೆಳಗೆ ಮಾಡಿ ಎತ್ತಿ ತೋರಿಸುತ್ತಾನೆ. ಹಿಂದಿನಿಂದ ಬಂದು ದಾಟುವ ಹುಡುಗ ತನ್ನ ಕಾಲನ್ನೇ ಝಾಡಿಸಿ ಅಭಿನಯ ಮಾಡುತ್ತಾನೆ. ಸವಾರಳು ಹೆಂಗಸಾದರೆ “ಅಕ್ಕಾ, ಸ್ಟ್ಯಾಂಡು ಸ್ಟ್ಯಾಂಡು!” ಎಂದು ಎರಡು ಸಲ. ವಯಸ್ಸು ಎಷ್ಟು, ಕಲಿತು ಎಷ್ಟು ದಿನವಾಯಿತು, ಇದೆಲ್ಲ ಬೇಕಿತ್ತಾ ಎಂದು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ. ಎಡಗಾಲಿನ ಹಿಮ್ಮಡಿಯಿಂದ ಒಂದು ಸಲ ಹಿಂದಕ್ಕೆ ಒದ್ದು, ಕೈಯೆತ್ತುವ ಧೈರ್ಯ ಇನ್ನೂ ಬಂದಿಲ್ಲವಾದ್ದರಿಂದ ತಲೆಯನ್ನಷ್ಟೇ ಆಡಿಸಿ, ಅವನು ಮುಂದೆ ಹೋಗುತ್ತಾನೆ.