ಕೌದಿಗೊಂದು ಸ್ಟಾಕ್ ನಂಬರ್

ಬಳ್ಳಾರಿ ಜಿಲ್ಲೆಯ ಬಾದನಹಟ್ಟಿಯ ಯಾವುದೋ ಕಟ್ಟೆಯ ಮೇಲೆ ಬೆಂಗಳೂರಿನ ಆ್ಯಪ್ ಶೂರನನ್ನೂ ಹಳೇ ಸೀರೆಗಳಿಂದ ಕೌದಿ ಹೊಲಿಯುವ ಅಜ್ಜಿಯನ್ನೂ ಎದುರುಬದುರು ಕೂರಿಸಿ ನೋಡಿ. "ಅಜ್ಜೀ, ಮರುಬಳಕೆ ವಸ್ತುಗಳಿಗೆ ಆನ್‌ಲೈನ್ ಸಂತೆ ಮಾಡ್ತಿದ್ದೀವಿ. ಇದೇ ಡಿಸೈನ್‌ನಲ್ಲಿ ನೂರು ಪೀಸ್ ಸ್ಟಾಕ್ ಇಡಿ." "ನೂರು ಸೀರಿ ಒಂದೇ ತರ ಹರೀತಾವೇನಪ್ಪಾ?" ಇಂಥ ತಾಣಗಳ ಮೂಲದೋಷ ಈ ಪ್ರಶ್ನೆಯಲ್ಲೇ ಇದೆ. ಕಾರ್ಖಾನೆ ಸರಕಿಗೆ ಒಂದು ಫೋಟೊ ಸಾವಿರ ಮಾರಾಟಕ್ಕೆ ಸಾಕು. ಕೌದಿಗೆ ಪ್ರತಿಸಲವೂ ಬೇರೆ ಫೋಟೊ, ಬೇರೆ ಅಳತೆ, ಬೇರೆ ವಿವರ. ಆ ಖರ್ಚು ಕೊನೆಗೆ ಕಚ್ಚುವುದು ಹೊಲಿಗೆಯ ಕೂಲಿಯನ್ನೇ.

"ಬಳ್ಳಾರಿ ಜೀನ್ಸ್ ಘಟಕಗಳ ಚಿಂದಿ ತಂದ್ರೆ ಎಲ್ಲಾ ನೀಲೀನೇ ಅಲ್ವಾ?" ಆಕ್ಷೇಪಣೆಯಲ್ಲಿ ಹುರುಳಿದೆ, ಚೀಲಗಳಿಗೆ ಅದು ಒಪ್ಪುತ್ತದೆ. "ಪದರ ಪದರ ಜೀನ್ಸ್‌ಗೆ ಕೈಸೂಜಿ ಓಡಂಗಿಲ್ಲ, ಮಷಿನ್ ಯಾರು ಕೊಡಿಸ್ತಾರ?" ಶೂರ ತೆರಿಗೆಗೆ ಹಾರುತ್ತಾನೆ: 2023ರ ಅಕ್ಟೋಬರ್ 1ರಿಂದ ವಹಿವಾಟು ಮಿತಿಯೊಳಗಿನ ಸಣ್ಣ ಮಾರಾಟಗಾರರಿಗೆ ಆನ್‌ಲೈನ್‌ನಲ್ಲಿ ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನಿಜ, ಆದರೆ ರಾಜ್ಯದೊಳಗೆ ಮಾತ್ರ. ದೂರದ ಬೆಂಗಳೂರು ನಮ್ಮೂರು, ಗಡಿಯಾಚೆಯ ಆದೋನಿ ಪರದೇಶ!

ಹಾಗಾದರೆ ದಾರಿ? ಮನೆಯವರು ಹಳೇಬಟ್ಟೆ ಕೊಟ್ಟು, ಹೊಲಿದವರಿಗೆ ಕೂಲಿ ಕೊಡುವುದು ಕೌದಿಯ ಹಳೇ ಪದ್ಧತಿ. ಗಿರಾಕಿ ತನ್ನ ಸೀರೆ ಕಳಿಸಲಿ. ತಾಣ ಸರಕಿನ ಬದಲು ಹೊಲಿಗೆಯ ಸರದಿ ಮಾರಲಿ. ಆಗ ಸ್ಟಾಕೂ ಬೇಡ, ಬಟ್ಟೆ ಮರುಬಳಕೆಯದೇ ಎಂಬ ಪ್ರಮಾಣಪತ್ರವೂ ಬೇಡ. "ತಡವಾದ್ರೆ ಒಂದೇ ಸ್ಟಾರ್ ಕೊಡ್ತಾರಲ್ಲಜ್ಜೀ?" "ಕೊಡ್ಲಿ ಬಿಡಪ್ಪಾ, ಮುಂಗಡ ಮೊದಲೇ ಕೊಟ್ಟಿರ್ತಾರಲ್ಲ."