ಬೆಕ್ಕು ಬಂದ ದಿಕ್ಕು

“ಖಾಲಾ, ನಿಮ್ಮ ಕಡೆ ಬಂದದೇನ್ರಿ ಅದು?”

ರೊಟ್ಟಿ ಬಡಿಯುವುದು ಮುಗಿಸಿ ಮೆಹಂದಿ ಬೇಲಿಗೆ ಬಂದು ನಿಂತರೆ ದಿನವೂ ನನ್ನ ಮೊದಲ ಮಾತು ಇದೇ. ‘ಅದು’ ಅಂದರೆ ಬೂದಿ ಬಣ್ಣದ ಮೇಲೆ ಕರಿ ಪಟ್ಟೆ ಇರುವ ಹೆಣ್ಣು ಬೆಕ್ಕು. ಮುಂಜಾನೆಯ ಹಾಲು ನಮ್ಮಲ್ಲಿ, ಶುಕ್ರವಾರದ ಎಲುಬು ಖಾಲಾನ ಮನೆಯಲ್ಲಿ, ಮಧ್ಯಾಹ್ನದ ನಿದ್ದೆ ಹಿಂದಿನ ಓಣಿಯ ಹಿಟ್ಟಿನ ಗಿರಣಿಯಲ್ಲಿ. ಸಿಂದಗಿಯ ನಮ್ಮ ಓಣಿಯಲ್ಲಿ ಇದು ಯಾರ ಬೆಕ್ಕು ಅಂತ ಕೇಳಿದರೆ ಯಾರೂ ನಂದು ಅನ್ನುವುದಿಲ್ಲ. ಎರಡು ದಿನ ಕಾಣದಿದ್ದರೆ ಮಾತ್ರ ಐದು ಮನೆಯವರು ಹುಡುಕುತ್ತಾರೆ.

“ಇಲ್ಲ ತಂಗಿ, ನಿನ್ನೆಯಿಂದ ಕಂಡಿಲ್ಲ. ಹೊಟ್ಟಿ ನೋಡಿದ್ದಿಲ್ಲೇನು? ಎಲ್ಲೋ ಮರಿ ಹಾಕಿರಬೇಕು.”

ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದೆವು. ಬೆಕ್ಕು ಹೊಟ್ಟೆ ಹೊರುವುದು 63–65 ದಿನ. ಆ ಕಿವಿ ಹರಿದ ಮಾಳಬೆಕ್ಕು ರಾತ್ರಿಯೆಲ್ಲ ಒದರಾಡಿದ್ದು ಕಾರಹುಣ್ಣಿಮೆ ಆದ ವಾರ. ಈಗ ಗಣಪತಿ ಹಬ್ಬ ಹತ್ತಿರ ಬಂದಿದೆ. ಲೆಕ್ಕ ಸರಿಯಾಗಿತ್ತು.

ಖಾಲಾ ಫೋನು ಬೇಲಿಯ ಮೇಲಿಂದ ಚಾಚಿದರು. ದುಬೈಯಲ್ಲಿ ಕೆಲಸಕ್ಕಿರುವ ಅವರ ಮೊಮ್ಮಗ ರಜೆಯಲ್ಲಿ ಮೊರಾಕ್ಕೊ ತಿರುಗಾಡಿ ಬಂದು ವಿಡಿಯೊ ಕಳಿಸಿದ್ದ. ಎಸ್ಸಾವಿರಾ ಅಂತ ಕಡಲ ದಂಡೆಯ ಊರು. ಮೀನು ಮಾರುವವರ ಕಾಲ ಬುಡದಲ್ಲಿ ಸಾಲಾಗಿ ಬೆಕ್ಕು ಕುಂತಿವೆ, ಒಬ್ಬರೂ ಓಡಿಸುತ್ತಿಲ್ಲ. ಅಂಗಡಿಯ ಕಟ್ಟೆ, ನೀಲಿ ದೋಣಿ, ಮನೆಯ ಹೊಸ್ತಿಲು, ಎಲ್ಲಿ ನೋಡಿದರೂ ಬೆಕ್ಕು. 

“ನೋಡು, ಅಲ್ಲಿ ಮಂದಿ ಎಷ್ಟು ಜ್ವಾಕಿ ಮಾಡ್ತಾರ,” ಅಂದರು ಖಾಲಾ. “ನಮ್ಮ ದೀನದಾಗ ಹೇಳ್ಯಾರ. ಒಬ್ಬಾಕಿ ಬೆಕ್ಕು ಕಟ್ಟಿ ಹಾಕಿ, ತಾನೂ ಕೂಳು ಹಾಕಲಿಲ್ಲ, ಅದರಷ್ಟಕ್ಕ ಅದನ್ನ ಬಿಡಲೂ ಇಲ್ಲ. ಅಷ್ಟಕ್ಕೇ ನರಕಕ್ಕ ಹೋದ್ಳು.” ಪೈಗಂಬರರ ಸಂಗಡಿಗರಲ್ಲಿ ಒಬ್ಬರಿಗೆ ಅಬು ಹುರೈರಾ ಎಂದೇ ಹೆಸರು, ಬೆಕ್ಕಿನ ಮರಿಯ ಅಪ್ಪ ಅಂತ ಅರ್ಥ. ಅದನ್ನು ಹೇಳುವಾಗ ಖಾಲಾನ ಮುಖ ಅರಳುತ್ತದೆ.

“ಖಾಲಾ, ಆ ಬೆಕ್ಕಿನ ಬಳಗನೇ ನಮ್ಮ ಬೆಕ್ಕೂ ನೋಡ್ರಿ,” ಅಂದೆ. ಸಾಲಿಯಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವಳು ನಾನು, ಇಂಥ ಮಾತು ಬಂದರೆ ಸುಮ್ಮನಿರಲಾಗದು. ಲೋಕದ ಸಾಕುಬೆಕ್ಕುಗಳ ವಂಶವಾಹಿ ಪರೀಕ್ಷಿಸಿದವರು 2007ರಲ್ಲಿ ಹೇಳಿದ್ದು ಇದು: ಅವೆಲ್ಲದರ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಡೆ ಇರುವ ಒಂದೇ ಜಾತಿಯ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಮಲಗಿಸಿದ್ದು ಸಿಕ್ಕಿದೆ. ಬೆಕ್ಕನ್ನು ಯಾರೂ ಹಗ್ಗ ಹಾಕಿ ಹಿಡಿದು ತಂದು ಪಳಗಿಸಲಿಲ್ಲ. ಜನ ಕಾಳು ಕೂಡಿಟ್ಟರು, ಕಾಳಿಗೆ ಇಲಿ ಬಂತು, ಇಲಿಯ ಬೆನ್ನು ಹತ್ತಿ ಅದು ತಾನಾಗಿ ಬಂತು.

ನನಗೆ ಇದಕ್ಕಿಂತ ದೊಡ್ಡ ಸೋಜಿಗ ಜೋಳದ್ದು. ಡೋಣಿ ದಂಡೆಯ ಎರೆ ಹೊಲದಲ್ಲಿ ಬೆಳೆದು ನಾವು ದಿನಾ ಬಡಿಯುವ ಈ ಜೋಳದ ತವರೂ ಆಫ್ರಿಕಾವೇ. ಸುಡಾನಿನ ಪೂರ್ವ ಭಾಗದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದೆ ಜನ ಅದನ್ನು ಬೇಸಾಯಕ್ಕೆ ತಂದಿದ್ದರು. ಅಂದರೆ ನಮ್ಮ ರೊಟ್ಟಿ ಬಂದ ದಿಕ್ಕಿನಿಂದಲೇ ನಮ್ಮ ಬೆಕ್ಕೂ ಬಂದಿದೆ.

ಖಾಲಾ ಒಂದು ಗಳಿಗೆ ಸುಮ್ಮನಿದ್ದು, “ಹಂಗಾರ ಅದಕ್ಕ ರೊಟ್ಟಿ ಹಾಲಿನಾಗ ಹಿಚುಕಿ ಹಾಕಿದ್ರ ತಿಂತದ,” ಅಂದರು.

ಇಂಡಿ ತಾಲೂಕಿನ ನನ್ನ ತವರಿನಲ್ಲಿ ಬೆಕ್ಕಿಗೆ ಮನೆಯೊಳಗೆ ಹಾದಿ ಇತ್ತು. ಲಿಂಬಿ ತೋಟದಿಂದ ಬಂದು, ಮಣ್ಣಿನ ಮಾಳಿಗೆ ಏರಿ, ಬೆಳಕಿಂಡಿಯೊಳಗಿಂದ ಜೋಳದ ಚೀಲದ ಮೇಲೆ ಧಪ್ಪನೆ ಇಳಿಯುತ್ತಿತ್ತು. ಮಾಳಿಗೆಗೆ ಮಾಳಿಗೆ ಹತ್ತಿಕೊಂಡ ಊರು ಅದು, ಅಗಸಿಯಿಂದ ಗುಡಿಯವರೆಗೆ ಬೆಕ್ಕು ನೆಲ ಮುಟ್ಟದೆ ಹೋಗುತ್ತಿತ್ತು. ಅವ್ವ ಬೆಣ್ಣೆ ಗಡಿಗೆಯನ್ನು ನೆಲುವಿನಲ್ಲಿ ಇಡುತ್ತಿದ್ದಳು. ಹಗೇವಿನಿಂದ ಜೋಳ ತೆಗೆದ ದಿನ ಅಂಗಳದಲ್ಲಿ ಹರವಿದ ಕಾಳಿನ ಸುತ್ತ ಬೆಕ್ಕು ಕಾವಲು ಕೂತಿರುತ್ತಿತ್ತು. ಬೆಣ್ಣೆ ಅದಕ್ಕೆ ಎಟುಕಬಾರದು, ಇಲಿ ಅದಕ್ಕೆ ಎಟುಕಬೇಕು. ಅವ್ವ ಇಡೀ ಮನೆಯನ್ನು ಆ ಲೆಕ್ಕದಲ್ಲಿ ಜೋಡಿಸಿದ್ದಳು. ಈಗ ಹಗೇವು ಮುಚ್ಚಿದ್ದಾರೆ, ನೆಲುವಿನ ಬದಲು ಫ್ರಿಜ್ಜು, ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿದ್ದಾರೆ, ಕಿಟಕಿಗೆಲ್ಲ ಜಾಳಿಗೆ. ತವರಿಗೆ ಹೋದಾಗ ಬೆಕ್ಕು ಮುಚ್ಚಿದ ಬಾಗಿಲ ಮುಂದೆ ಕುಂತು ಕೂಗುವುದನ್ನು ಕಂಡರೆ ಸಂಕಟವಾಗುತ್ತದೆ.

ಮುದ್ದೇಬಿಹಾಳದ ನನ್ನ ಅಕ್ಕನದು ಬೇರೆಯೇ ಕಥೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್‌ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಿಂತದ್ದು ಎಷ್ಟೋ ವರ್ಷದ ಮೇಲೆ. ಆಗ ಕೃಷ್ಣೆಯ ದಂಡೆಯಲ್ಲಿದ್ದ ಅಕ್ಕನ ಮಾವನ ಊರು ಮುಳುಗಡೆಗೆ ಹೋಯಿತು. ಟ್ರ್ಯಾಕ್ಟರಿನಲ್ಲಿ ತೊಲೆ, ಬಾಗಿಲು, ಬೀಸುಕಲ್ಲು, ಎತ್ತು, ನಾಯಿ ಎಲ್ಲ ಹೊಸ ಪ್ಲಾಟಿಗೆ ಬಂದವು. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ತಂದಿದ್ದರು. ಬೆಳಗಾಗುವುದರೊಳಗೆ ಅದು ಕೆಡವಿದ ಹಳೇ ಮನೆಗೆ ಓಡಿಹೋಗಿತ್ತು. ಮೂರು ಸಲ ತಂದರು, ಮೂರು ಸಲವೂ ಹೋಯಿತು. ನಾಲ್ಕನೇ ಸಲ ಅಕ್ಕನ ಮಾವ ಹೋದಾಗ ನೀರು ಕಟ್ಟೆಯವರೆಗೆ ಬಂದಿತ್ತು, ಬಾಗಿಲಿಲ್ಲದ ಗೋಡೆಯ ಮೇಲೆ ಅದು ಕುಂತಿತ್ತು. ಎತ್ತಿಕೊಂಡು ಬಂದು, ಹಳೇ ಮನೆಯ ಒಲೆಯ ಮಣ್ಣು ತಂದಿದ್ದರಲ್ಲ, ಅದರ ಮೇಲೆ ಮಲಗಿಸಿದರಂತೆ. ಆಮೇಲೆ ಅದು ಹೋಗಲಿಲ್ಲ. ಮಣ್ಣಿನ ವಾಸನೆಗೋ, ಹೋಗಲು ಊರೇ ಉಳಿಯದ್ದಕ್ಕೋ, ಅಕ್ಕ ಇವತ್ತಿಗೂ ಎರಡನ್ನೂ ಹೇಳುತ್ತಾಳೆ.

“ಗಣಪತಿ ಮರುದಿನ ನಿಮ್ಮ ಮಂದಿ ಇಲಿವಾರ ಮಾಡ್ತೀರಿ, ಇಲಿಗಿ ಎಡಿ ಇಡ್ತೀರಿ,” ಅಂದರು ಖಾಲಾ. “ಬೆಕ್ಕಿನ ವಾರ ಯಾಕಿಲ್ಲ?”

ಅವರು ಕೇಳಿದ್ದು ಖರೆ. ಎತ್ತಿಗೆ ಕಾರಹುಣ್ಣಿಮೆ, ಹಾವಿಗೆ ಪಂಚಮಿ. ಬೆಕ್ಕಿನ ಪಾಲಿಗೆ ಹಾದಿಗೆ ಅಡ್ಡ ಬಂತು ಎಂಬ ಅಪವಾದ ಮಾತ್ರ. ಮಂಡ್ಯದ ಕಡೆ ಬೆಕ್ಕಳಲೆ ಎಂಬ ಊರಿನಲ್ಲಿ ಬೆಕ್ಕನ್ನು ಮಂಗಮ್ಮ ದೇವಿ ಎಂದು ಪೂಜಿಸುತ್ತಾರೆ, ಅದು ನೆನಪಾಗಿ ಹೇಳಿದೆ. ನಮ್ಮ ಕಡೆ ಪೂಜೆ ಇಲ್ಲದಿದ್ದರೂ ಭಯವಿತ್ತು: ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ. ಆ ಭಯ ಬೆಕ್ಕನ್ನು ಕಾಯುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ನಾನು ಕೆಲಸಕ್ಕಿದ್ದಾಗ ಪಕ್ಕದ ಮನೆಯವರು ತೊಗರಿ ಚೀಲದ ನಡುವೆ ಇಲಿ ಪಾಷಾಣ ಇಟ್ಟರು. ಪಾಷಾಣ ತಿಂದು ಓಡಲಾರದ ಇಲಿಯನ್ನು ಬೆಕ್ಕು ಸುಲಭವಾಗಿ ಹಿಡಿಯುತ್ತದೆ. ಮೂರು ದಿನದಲ್ಲಿ ತಾಯಿ ಸತ್ತಿತು, ಕಣ್ಣು ಬಿಡದ ಮರಿಗಳು ಆಮೇಲೆ. ಅವರಿಗೆ ಬೆಕ್ಕಿನ ಮೇಲೆ ಸಿಟ್ಟಿರಲಿಲ್ಲ, ನೆನಪೇ ಇರಲಿಲ್ಲ. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಆ ಮನೆಯಲ್ಲಿ ಇಲಿ ಮೊದಲಿಗಿಂತ ಹೆಚ್ಚಾದವು.

ಅಷ್ಟರಲ್ಲಿ ಬೇಲಿಯ ಬುಡ ಅಲುಗಿತು. ಪಟ್ಟೆ ಬೆಕ್ಕು! ಹೊಟ್ಟೆ ಇಳಿದಿದೆ, ಬಾಯಲ್ಲಿ ಕುತ್ತಿಗೆ ಹಿಡಿದ ಒಂದು ಮರಿ. ಖಾಲಾನ ಕಟ್ಟಿಗೆ ರಾಶಿಯಿಂದ ಎದ್ದು, ಮೆಹಂದಿ ಗಿಡದ ಸಂದಿಯಲ್ಲಿ ತೂರಿ, ನಮ್ಮ ಬಚ್ಚಲ ಹಿಂದೆ ಹೋಯಿತು. ಮತ್ತೆ ಬಂತು, ಎರಡನೆಯದು. ಮೂರನೆಯದು. ಏಳು ಮನೆ ತಿರುಗುತ್ತದೆ ಅನ್ನುತ್ತಾರಲ್ಲ, ಎರಡನೇ ಮನೆ ನಮ್ಮದು.

ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ನನಗೆ ಆಗ ನೆನಪಾಯಿತು, ಹಬ್ಬ ಆದ ಮೇಲೆ ಈ ಬೇಲಿ ಕಿತ್ತು ಕಂಪೌಂಡು ಕಟ್ಟಿಸಲು ಮಗ ಗೌಂಡಿಗೆ ಮುಂಗಡ ಕೊಟ್ಟಿದ್ದಾನೆ.

“ಖಾಲಾ, ಗೌಂಡಿ ಬಂದಾಗ ಬುಡದಾಗ ಒಂದು ಇಟ್ಟಂಗಿ ಬಿಟ್ಟು ಕಟ್ಟು ಅಂತೀನ್ರಿ.”

ಖಾಲಾ ಕೈಯಲ್ಲೇ ಅಳತೆ ಮಾಡಿ ನೋಡಿದರು. “ಎರಡು ಬಿಡಸು ತಂಗಿ. ಹೊಟ್ಟಿಲೆ ಇದ್ದಾಗ ಒಂದರಾಗ ಹಿಡಸೂದಿಲ್ಲ.”